ಪಾದ್ರಿಯ ರೊಟ್ಟಿಗೆ ದಾಟಿದ ಗೊಂಬೆ

ಈ ಸಲ ತಮಾಲೆ ಮಾಡುವುದಿಲ್ಲ ಅಂತ ಶಪಥ ಮಾಡಿದ್ದೆ. ಮಾಡಿದರೆ ನನ್ನ ಹೆಸರು ಎಲ್ಪಿದಿಯಾ ಅಲ್ಲ!

ನಮ್ಮಲ್ಲಿ ಜನವರಿ ಆರಕ್ಕೆ ಮೂವರು ರಾಜರ ಹಬ್ಬ. ಬಳೆಯಂಥ ದೊಡ್ಡ ಸಿಹಿರೊಟ್ಟಿ ಕೊಯ್ಯುತ್ತೇವೆ. ಒಳಗೆ ಕಿರುಬೆರಳಷ್ಟು ಬಾಲಯೇಸುವಿನ ಗೊಂಬೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿ ಎರಡಕ್ಕೆ ಎಲ್ಲರಿಗೂ ತಮಾಲೆ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ಹಾಕಬೇಕು. ಅದಕ್ಕೇ ಸಿಕ್ಕವರು ಬಾಯಿ ಬಿಡುವುದಿಲ್ಲ. ಎದುರು ಮನೆ ರುತಿಲಿಯಾ ಒಂದು ವರ್ಷ ನುಂಗಿಯೇಬಿಟ್ಟಳು!

ನನಗೆ ಇಪ್ಪತ್ತೇಳು ವರ್ಷ ಸಿಕ್ಕಿರಲಿಲ್ಲ. ಬೀದಿಗೆಲ್ಲ ಜಂಬ ಕೊಚ್ಚಿದ್ದೆ. ನಿಜ ಏನೆಂದರೆ, ನಮ್ಮ ಯಜಮಾನರು ಫೌಸ್ತೀನೋ ನನ್ನ ತುಂಡು ಒತ್ತಿ ನೋಡಿ, ಗೊಂಬೆ ಇದ್ದರೆ ತಮ್ಮದಕ್ಕೆ ಬದಲಾಯಿಸಿಕೊಳ್ಳುತ್ತಿದ್ದರು. ಹಿಟ್ಟು ನಾನು ಕಲಸುವುದು, ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಕಟ್ಟುವುದು ಅವರು. ಅವರು ಹೋದ ಮೇಲೆ ಹಂಡೆ ಕವುಚಿಟ್ಟೆ. ಎರಡು ವರ್ಷ ಆಯಿತು.

ಮೇಲಿನ ಕೋಣೆಗಳಿಗೆ ಕೊರಿಯಾದ ಪಾದ್ರಿ ಪ್ಯೋ ಬಾಡಿಗೆಗೆ ಬಂದಿದ್ದರು. ಹೆಂಡತಿ ಉನ್‌ಸಿಲ್, ಮೂರು ಮಕ್ಕಳು. ದೇವರ ಮಾತು ಹೇಳಲು ಬಂದವರು ಮೊದಲು ನಮ್ಮ ಮಾತು ಕಲಿಯಬೇಕಲ್ಲ! ಅವರ ಶಾಲೆಯಲ್ಲಿ ವಾರಕ್ಕೊಂದು ವಾಕ್ಯ ಕೊಡುತ್ತಾರೆ. ಅದನ್ನು ದಿನಕ್ಕೆ ಐವತ್ತು ಜನರಿಗೆ ಹೇಳಿ ಬರಬೇಕು. ನವೆಂಬರಿನಲ್ಲಿ ಒಂದು ವಾರ ಪೂರ್ತಿ "ಬಸ್ ನಿಲ್ದಾಣ ಎಲ್ಲಿದೆ?" ಅಂತ ಕೇಳಿದರು, ನಿಲ್ದಾಣದಲ್ಲೇ ನಿಂತು!

ಹಬ್ಬಕ್ಕೆ ಅವರನ್ನೂ ಕರೆದೆ. ರೊಟ್ಟಿಗೆ ಚಾಕು ಹಾಕಿದೆ. ನನ್ನ ತುಂಡಿನಲ್ಲೇ ಗೊಂಬೆಯ ತಲೆ! ಒತ್ತಿ ನೋಡುವವರಿಲ್ಲ. ಲೋಟಕ್ಕೆ ಬಿಸಿ ಚಾಕೊಲೇಟು ಹೊಯ್ಯುವ ನೆಪದಲ್ಲಿ ಬಗ್ಗಿ, ಅದನ್ನು ಪಾದ್ರಿಯ ರೊಟ್ಟಿಗೆ ತುರುಕಿದೆ. ಪೇಟೆಯಿಂದ ಎರಡು ಡಜನ್ ಕೊಂಡು ತರಲಿ, ಏನು ಮಹಾ!

"ಸಿಕ್ಕಿತು!" ಅಂತ ಪಾದ್ರಿ ಎದ್ದು ನಿಂತರು. ಇಂಥ ಪ್ರಾಮಾಣಿಕರನ್ನು ನಮ್ಮ ಬೀದಿ ಕಂಡಿರಲಿಲ್ಲ. ನನಗೆ ಸೊಂಟ ಬಗ್ಗಿಸಿ ಮೂರು ಸಲ ನಮಸ್ಕಾರ. ಅವರ ಕಡೆ ಹಾಗೇನೋ ಅಂದುಕೊಂಡೆ.

"ಪಾದ್ರಿಗಳೇ, ಎರಡನೇ ತಾರೀಖು ತಮಾಲೆ ನಿಮ್ಮದು! ಜನರನ್ನ ನೀವೇ ಕರೀಬೇಕು!" ಅಂದಳು ರುತಿಲಿಯಾ.

ಮೂರು ವಾರ ಹಾಯಾಗಿದ್ದೆ. ಒಂದು ಬೆಳಿಗ್ಗೆ ಕಸದ ಗಾಡಿಯವನು ಕೇಳಿದ, "ಅಮ್ಮಾ, ಎರಡನೇ ತಾರೀಖು ಎಷ್ಟೊತ್ತಿಗೆ ಬರ್ಲಿ?"

"ಎಲ್ಲಿಗಯ್ಯಾ?"

"ನಿಮ್ಮನೆಗೇ! ತಮಾಲೆಗೆ!"

ಹಿಂದೆಯೇ ಬಸ್ಸಿನ ಡ್ರೈವರು. ಆಮೇಲೆ ಇಬ್ಬರು ಪೊಲೀಸರು, ಮನೆ ಗುರುತು ಮಾಡಿಕೊಂಡು ಹೋಗಲು! ಮೆಟ್ಟಿಲು ಹತ್ತಿ ಓಡಿದೆ.

"ಪಾದ್ರಿಗಳೇ, ಈ ವಾರದ ವಾಕ್ಯ ಯಾವುದು?"

ಎದೆ ಸೆಟೆಸಿ ಒಪ್ಪಿಸಿದರು: "ಎರಡನೇ ತಾರೀಖು ನಮ್ಮ ಮನೆಗೆ ತಮಾಲೆ ತಿನ್ನಲು ದಯವಿಟ್ಟು ಬನ್ನಿ!"

"ಎಷ್ಟು ಜನಕ್ಕೆ ಹೇಳಿದಿರಿ?"

"ಮುನ್ನೂರೈವತ್ತು, ಅಮ್ಮಾ. ಟೀಚರ್ ಭೇಷ್ ಅಂದರು."

"ತಮಾಲೆ ಮಾಡೋಕೆ ಬರುತ್ತಾ?"

"ಆ ವಾಕ್ಯ ಇನ್ನೂ ಕಲಿತಿಲ್ಲ."

ಮನೆ ನನ್ನದು. ಕರೆದ ಜನ ಹಸಿದು ಹೋದರೆ ಮರ್ಯಾದೆಯೂ ನನ್ನದೇ. ಹಂಡೆ ಎತ್ತಿದೆ. ಸಾಲದೆ ರುತಿಲಿಯಾಳ ಹಂಡೆಯನ್ನೂ ತಂದೆ.

ಎರಡು ದಿನ ಉನ್‌ಸಿಲ್ ನನ್ನ ಜೊತೆ ಕೂತಳು. ಅವರ ಊರಲ್ಲಿ ಚಳಿಗಾಲಕ್ಕೆ ಮುಂಚೆ ಇನ್ನೂರು ಕೋಸಿಗೆ ಖಾರ ಹಚ್ಚಿಡುತ್ತಾರಂತೆ. ಅವಳ ಕೈ ದಣಿಯಲಿಲ್ಲ. ಯಜಮಾನರು ಹಾಕುತ್ತಿದ್ದ ಗಂಟು ತೋರಿಸಿದೆ. ಎರಡನೆಯದಕ್ಕೇ ಕಲಿತಳು. ಥೇಟ್ ಅವರದೇ. ಉಪ್ಪು ನೋಡುತ್ತೇನೆ ಅಂತ ಎದ್ದು ಆ ಕಡೆ ಹೋದೆ. ಉಪ್ಪು ಸರಿಯಾಗೇ ಇತ್ತು.

ಎರಡನೇ ತಾರೀಖು ಜಾತ್ರೆ! ಅಂಗಳ ತುಂಬಿ ಜನ ಬೀದಿಗೆ ಚೆಲ್ಲಿದರು. ತಮಾಲೆ ಎಲ್ಲರಿಗೂ ಮುಟ್ಟಿತು, ಹನ್ನೊಂದು ಮಿಕ್ಕಿತು. ರುತಿಲಿಯಾ ಬೆರಳು ನೆಕ್ಕುತ್ತ ಬಂದಳು. "ಪಾದ್ರಿಯ ಹೆಂಡತಿ ಏನು ಕಟ್ಟಿದ್ದಾಳೆ! ಅವಳನ್ನ ನೋಡಿ ಕಲಿಯೇ, ಎಲ್ಪಿದಿಯಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಪಾದ್ರಿ ಕುರ್ಚಿ ಹತ್ತಿದರು. ಯಾರೂ ಬರೆದುಕೊಡದೆ ಅವರು ಆಡಿದ ಮೊದಲ ಭಾಷಣ.

"ತಮಾಲೆಗೆ ವಂದನೆ ನನಗೆ ಬೇಡ. ಎಲ್ಪಿದಿಯಾ ಅಮ್ಮನಿಗೆ. ಗೊಂಬೆ ಮೊದಲು ಅಮ್ಮನ ರೊಟ್ಟಿಯಲ್ಲಿ ಇತ್ತು. ಅಮ್ಮ ತೆಗೆದರು. ಮೆಲ್ಲಗೆ ನನ್ನ ರೊಟ್ಟಿಯಲ್ಲಿ ಇಟ್ಟರು. ನಾನು ಕಣ್ಣಾರೆ ನೋಡಿದೆ. ತಮ್ಮ ಭಾಗ್ಯ ಪರದೇಶಿಗಳಿಗೆ ಕೊಟ್ಟರು! ಎಂಥ ದೊಡ್ಡ ಮನಸ್ಸು!"

ಮುನ್ನೂರೈವತ್ತು ಜನ ನಕ್ಕ ಸದ್ದಿಗೆ ಚರ್ಚಿನ ಪಾರಿವಾಳ ಹಾರಿದವು. ಪೊಲೀಸರೂ ನಕ್ಕರು! ಪಾದ್ರಿ ಮಾತ್ರ ಸೊಂಟ ಬಗ್ಗಿಸಿ ಮೂರು ಸಲ ನಮಸ್ಕಾರ ಮಾಡಿದರು.

ಈಗ ನಮ್ಮ ಬೀದಿಯಲ್ಲಿ ರೊಟ್ಟಿ ಕೊಯ್ಯುವ ಮೊದಲೇ ಗೊಂಬೆ ತೆಗೆದು ನನ್ನ ಕೈಗೆ ಕೊಡುತ್ತಾರೆ.