ಚೀಟಿಯಲ್ಲಿ ಅಮ್ಮನ ಹೆಸರು

ನಮ್ಮ ಸಾಹೇಬರ ಜೊತೆ ಮದುವೆ ಮನೆಗೆ ಹೋಗುವ ಧೈರ್ಯ ನಿಮಗಿದೆಯೇ? ನನಗಂತೂ ಇರಲಿಲ್ಲ! ಹೆಸರಘಟ್ಟದ ಸಂಶೋಧನಾ ಹೊಲದ ತಾಕಿನಲ್ಲಿ ಹೂವಿಗೆ ಹೂ ಕೂಡಿಸಿ, ಬೇಸಿಗೆಯಲ್ಲೂ ಕಾಯಿ ಬಿಡುವ ಅವರೆಯನ್ನು ಮೊಟ್ಟಮೊದಲು ತಂದವರೆಂದು ಹೆಸರಾದ ತಳಿವಿಜ್ಞಾನಿ ಅವರು. ಹೂ ಬಿಡಿಸುವ ಚಿಮಟ ಅವರ ಅಂಗಿ ಜೇಬು ಬಿಟ್ಟು ಕದಲುತ್ತಿರಲಿಲ್ಲ. ಒಮ್ಮೆ ಆರತಕ್ಷತೆಯಲ್ಲಿ ಮದುಮಗನ ಹಾರದಿಂದಲೇ ಒಂದು ಹೂ ಕಿತ್ತು, ಬಿಡಿಸಿ ನೋಡಿ, "ಇದು ಬೀಜ ಕಟ್ಟಲ್ಲ" ಎಂದುಬಿಟ್ಟರು. ಮದುಮಗನ ಅಜ್ಜಿ ಊಟ ಬಿಟ್ಟು ಎದ್ದರು.

ಇನ್ನೊಂದು ಚಾಳಿ ಕೇಳಿ. ಎರಡು ತಳಿ ಕೂಡಿಸಿದಾಗ ಗಿಡಕ್ಕೆ ಕಟ್ಟುವ ಚೀಟಿಯಲ್ಲಿ ತಾಯಿ ಗಿಡದ ಹೆಸರು ಮೊದಲು, ತಂದೆಯದು ಆಮೇಲೆ. ಸಾಹೇಬರು ಮನುಷ್ಯರನ್ನೂ ಹಾಗೆಯೇ ಪರಿಚಯಿಸುತ್ತಿದ್ದರು. ಅಪ್ಪನ ಹೆಸರು ಮೊದಲಿದ್ದ ಲಗ್ನಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರು!

ನನ್ನ ಭಯವೂ ಅದೇ. ನನ್ನಮ್ಮ ಗೌರಮ್ಮ ಅವರ ತಾಕಿನಲ್ಲಿ ಮೂವತ್ತು ವರ್ಷ ಕೂಲಿ ಮಾಡಿದವಳು. ನನಗೆ ಹೆಣ್ಣು ಕೊಡಲಿದ್ದ ಕೆಂಪಾಪುರದ ಬೀಗರು ಬಿಲ್ಡರುಗಳು. ಅವರಿಗೆ, ಅಮ್ಮ ಯಾವತ್ತೂ ಮನೆ ಬಿಟ್ಟು ದುಡಿದವಳಲ್ಲ ಎಂದು ಹೇಳಿದ್ದೆ. ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಿಶ್ಚಿತಾರ್ಥಕ್ಕೆ ಸಾಹೇಬರನ್ನು ನಾನು ಕರೆಯಲೇ ಇಲ್ಲ. ಅಮ್ಮ ಕರೆದಿದ್ದಳು.

ಬಂದವರೇ ನನ್ನ ಹೆಗಲ ಮೇಲೆ ಕೈಯಿಟ್ಟು ಭಾವಿ ಮಾವನಿಗೆ ಹೇಳಿದರು: "ಇವ್ನು ಗೌರಮ್ಮನ ಮಗ ಕಣ್ರೀ. ನಮ್ಮ ತಾಕಿಗೆ ಕೂಲಿಗೆ ಬರ್ತಿದ್ರು. ಸಾವಿರ ಗಿಡದಲ್ಲಿ ಬೇಕಾದ್ದೊಂದನ್ನ..."

"ಸಾಹೇಬ್ರಿಗೆ ವಯಸ್ಸಾಯ್ತು ಮಾವ. ಬೇರೆ ಯಾರೋ ಗೌರಮ್ಮನ ವಿಷ್ಯ ಹೇಳ್ತಿದಾರೆ," ಎಂದು ನಕ್ಕೆ.

ಅಮ್ಮ ಪಕ್ಕದಲ್ಲೇ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದಳು. ಸಾಹೇಬರು ಅವಳ ಮುಖ ನೋಡಿದರು. ಜೇಬಿನಿಂದ ಅವರೆ ಬೀಜದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ವಯಸ್ಸಾಯ್ತು, ನಿಜ. ಅದಕ್ಕೇ ಬರ್ಕೊಂಡ್ ಬಂದಿದೀನಿ."

ಪೊಟ್ಟಣಕ್ಕೆ ತಾಕಿನ ಅದೇ ಚೀಟಿ, ಅದೇ ದಾರ. ಓದು ಬಾರದ ಅಮ್ಮ ತಟ್ಟೆ ಕೆಳಗಿಟ್ಟು ಹತ್ತಿರ ಬಂದಳು. "ಏನ್ ಬರ್ದವ್ರಪ್ಪ?"

ನನಗೆ ತಲೆ ಎತ್ತಲಾಗಲಿಲ್ಲ. ಮೆಲ್ಲಗೆ ಓದಿದೆ: "ಬೇಸಿಗೆ ಅವರೆ. ತಾಯಿ ಗಿಡ ಗುರುತಿಸಿದವರು ಗೌರಮ್ಮ. ಹೂ ಕೂಡಿಸಿದವರು ಗೌರಮ್ಮ." ಕೆಳಗೆ ಸಣ್ಣ ಅಕ್ಷರದಲ್ಲಿ ಸಾಹೇಬರ ಹೆಸರಿತ್ತು. ಅದರ ಮುಂದೆ, "ಚೀಟಿ ಬರೆದವನು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದ್ ಸಲ ಓದು ಮಗ. ಬೀಗ್ರಿಗೆ ಕೇಳಿಸ್ಲಿಲ್ಲ."

ಈ ಸಲ ಜೋರಾಗಿ ಓದಿದೆ. ಗೌರಮ್ಮ ಎಂದು ಇದ್ದಲ್ಲೆಲ್ಲ, ಅದರ ಹಿಂದೆ "ನಮ್ಮಮ್ಮ" ಎಂದು ಸೇರಿಸಿಕೊಂಡು.