ದೊಡ್ಡವ್ವನ ಸೋಬಾನೆಗೆ ನಾನು ಮಾಡಿದ ಮಿಕ್ಸಿಂಗು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ, ಮನೆಯಲ್ಲೇ ಮಿಕ್ಸಿಂಗ್ ಕಲಿಯಲು ಹೊರಟವನ ಸುತ್ತ ನಗುವ ವಿಷಯಕ್ಕೆ ಯಾವತ್ತೂ ಬರವಿಲ್ಲ. ಹೊಂಗನೂರಿನಲ್ಲಿ ರೇಷ್ಮೆಹುಳ ಮೇಯಿಸಿಕೊಂಡಿದ್ದ ನನಗೆ ನಲವತ್ತು ದಾಟಿದ ಮೇಲೆ ಈ ಹುಚ್ಚು ಹಿಡಿಯಿತು. ಕಾರಣ ನಮ್ಮ ದೊಡ್ಡವ್ವ. ಸುತ್ತಲ ಯಾವ ಊರಲ್ಲಿ ಮದುವೆಯಾದರೂ ಸೋಬಾನೆ ಹೇಳಲು ಅವಳನ್ನೇ ಕರೆಯುತ್ತಿದ್ದರು. ಗಂಟಲು ಗಟ್ಟಿಯಿರುವಾಗಲೇ ಅವಳ ಹಾಡುಗಳನ್ನು ಹಿಡಿದಿಟ್ಟುಬಿಡೋಣ, ಅವು ನಿಂತುಹೋಗಬಾರದು ಎಂಬುದು ನನ್ನ ಆಸೆ. ಆಸೆಯೇನೋ ಒಳ್ಳೆಯದೇ. ಆಮೇಲೆ ಮಾಡಿದ್ದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಬಿಟ್ಟುಕೊಳ್ಳೋಣ ಅನಿಸುತ್ತದೆ. ಆದರೂ ಹೇಳುತ್ತೇನೆ, ನೀವಾದರೂ ನಗಿ.

ಹುಳದ ಮನೆಯಲ್ಲಿ ಸ್ಟುಡಿಯೋ

ಫೋನಿನ ವಿಡಿಯೋದಲ್ಲಿ ಪಾಠ ಹೇಳುವ ಗುರುಗಳು, ‘ರೂಮಿನಲ್ಲಿ ಪ್ರತಿಧ್ವನಿ ಇರಬಾರದು’ ಅಂದರು. ನಮ್ಮ ಹುಳದ ಮನೆಯ ಗೋಡೆಗೆಲ್ಲ ತಂಪಿಗೆಂದು ಗೋಣಿತಾಟು ಕಟ್ಟಿರುತ್ತೇವೆ. ಕೂಗಿದರೆ ದನಿ ಅಲ್ಲೇ ಇಂಗಿಹೋಗುತ್ತದೆ. ತೊಂದರೆ ಒಂದೇ, ಹುಳಗಳು ಸೊಪ್ಪು ತಿನ್ನುವ ಸದ್ದು. ಆದರೆ ಪೊರೆ ಬಿಡುವ ಮುಂಚೆ ಹುಳ ಒಂದು ದಿನ ಮೇವು ಬಿಟ್ಟು ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರಕ್ಕೆ ಹುಳ ಮಲಗುವುದನ್ನೇ ಕಾಯ್ದು, ದೊಡ್ಡವ್ವನನ್ನು ಕರೆತಂದು ಮೈಕಿನ ಮುಂದೆ ಕೂರಿಸಿದೆ.

ಮೈಕು ಸರಿಮಾಡುವುದರಲ್ಲೇ ನನ್ನ ಹೊತ್ತು ಕಳೆಯಿತು. ಹಾಡು ಶುರುವಾಗುವ ಹೊತ್ತಿಗೆ ನನ್ನ ಹೆಂಡತಿ ಸೊಪ್ಪಿನ ಮಂಕರಿ ಹೊತ್ತು ಒಳಗೆ ಬಂದಳು.

“ಒಸಿ ತಡಿಯೇ, ರೆಕಾರ್ಡಿಂಗ್ ನಡೀತಾ ಐತೆ” ಅಂದೆ.

“ಹುಳ ಎದ್ದವೆ. ಅವುಕ್ಕೂ ನೀವೇ ತಡಿರಿ ಅಂತ ಹೇಳಿ” ಅಂದವಳೇ ಸೊಪ್ಪು ಹರಡಿಬಿಟ್ಟಳು.

ಹಾಡಿನ ಹಿಂದೆ ಕೊನೆತನಕ ಚರಚರ ಸದ್ದು. ಮಾಗಡಿಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಗೆಳೆಯನಿಗೆ ಹೆದರಿಕೊಂಡೇ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿದ. “ಲೇ, ಮಳೆ ಸೌಂಡು ಬೋ ನ್ಯಾಚುರಲ್ಲಾಗಿ ಬಂದೈತೆ ಕಣ್ಲಾ! ಎಲ್ಲಿಂದ ತಗಂಡೆ?”

“ತಗಂಡಿಲ್ಲ ಕಣ್ಲಾ, ಸಾಕಿವ್ನಿ” ಅಂದೆ.

ಬಾಗಿಲು ಬಡಿದವರು

ಎರಡನೇ ಸಲ ಹುಳ ಗೂಡು ಕಟ್ಟಿ ಮನೆ ಖಾಲಿಯಾದ ಮೇಲೆ ಕೂತೆವು. ತಾಳ ತಪ್ಪಬಾರದೆಂದು ಗುರುಗಳು ಹೇಳಿದ ಹಾಗೆ ದೊಡ್ಡವ್ವನ ಕಿವಿಗೆ ಹೆಡ್‌ಫೋನ್ ಹಾಕಿ, ಅದರೊಳಗೆ ಟಕ್ ಟಕ್ ಸದ್ದು ಬಿಟ್ಟೆ. ಅವಳು ಎರಡು ಕ್ಷಣ ಕೇಳಿದಳು.

“ಯಾರೋ ಬಾಗ್ಲು ಬಡೀತಾವ್ರೆ, ಹೋಗಿ ತೆಗಿಲಾ.”

“ಯಾರೂ ಇಲ್ಲ ದೊಡ್ಡವ್ವ, ಅದು ತಾಳ.”

“ತಾಳ ಅಂತೆ! ಬಿಸ್ಲಲ್ಲಿ ನಿಂತವ್ರೆ ಪಾಪ, ಮೊದ್ಲು ಹೋಗಿ ತೆಗಿ.”

ಹೋಗಿ ಬಾಗಿಲು ತೆಗೆದು, ಹಾಕಿಕೊಂಡು ಬಂದೆ. ಆಮೇಲೆ ಒಂದು ಸಾಲು ಹಾಡಿ ನಿಲ್ಲಿಸಿಬಿಟ್ಟಳು. ಸೋಬಾನೆಯ ಪದ್ಧತಿಯೇ ಹಾಗೆ. ಒಬ್ಬಳು ಹೇಳಬೇಕು, ಸುತ್ತ ಕೂತ ಹೆಂಗಸರು ಅದನ್ನೇ ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಹೇಳುವವಳು ಮುಂದಿನ ಸಾಲು ನೆನೆಸಿಕೊಳ್ಳುತ್ತಾಳೆ. ಹಾಗೆ ಎತ್ತಿಕೊಳ್ಳುವ ದೊಡ್ಡವ್ವನ ನಾಲ್ಕು ಜನ ಜೊತೆಗಾತಿಯರು ಹೊರಗೆ ಜಗಲಿಯ ಮೇಲೆ ಕೂತಿದ್ದರು. ಒಳಗೆ ಗಲಾಟೆಯಾಗುತ್ತದೆಂದು ನಾನೇ ಕೂರಿಸಿದ್ದೆ.

“ನೀನೊಬ್ಳೇ ಹೇಳ್ಕೊಂಡೋಗು ದೊಡ್ಡವ್ವ. ಎತ್ಕೊಳ್ಳೋದ ನಾನು ಆಮೇಲೆ ಸೇರಿಸ್ತೀನಿ” ಅಂದೆ.

“ಆಮೇಲೆ ಸೇರಿಸ್ತೀಯಾ? ಧಾರೆ ಮುಗುದ್ಮೇಲೆ ಗಂಡ್ನ ತಂದು ಕೂರಿಸ್ತೀಯೇನ್ಲಾ?”

ಟ್ರಾಕ್ಟರ್ ಪರೀಕ್ಷೆ

ಮಿಕ್ಸಿಂಗ್ ಆದ ಮೇಲೆ ಅದನ್ನು ಕಾರಿನಲ್ಲಿ ಹಾಕಿ ಕೇಳಬೇಕಂತೆ. ನಮ್ಮ ಬೀದಿಯಲ್ಲಿ ಇದ್ದದ್ದು ಪಕ್ಕದ ಮನೆಯವನ ಟ್ರಾಕ್ಟರು. ಆದರೆ ಅದರಲ್ಲಿದ್ದ ಸ್ಪೀಕರು ಯಾವ ಕಾರಿನಲ್ಲೂ ಇಲ್ಲ. ಅವನು ಹೊಲ ಉಳುತ್ತಿದ್ದರೆ ನಾನು ಮಡ್‌ಗಾರ್ಡಿನ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ದನಿ ಏರಿಸಿ ಇಳಿಸಿ ಒಂದು ಹದಕ್ಕೆ ತಂದೆ. ಕಿವಿಗೆ ಬೆಲ್ಲ ಹಾಕಿದ ಹಾಗಿತ್ತು. ಅವನು ಇಂಜಿನ್ ಆಫ್ ಮಾಡಿದ. ದೊಡ್ಡವ್ವನ ದನಿ ತಗಡು ಹರಿದಂತೆ ಕಿರುಚಿತು. ಬದುವಿನ ಮೇಲೆ ಮೇಯುತ್ತಿದ್ದ ಕುರಿಗಳು ದಿಕ್ಕಾಪಾಲಾದವು. ಇಂಜಿನ್ನಿನ ಸದ್ದಿಗೆ ಮೇಲಾಗಲೆಂದು ನಾನು ಎಲ್ಲವನ್ನೂ ಏರಿಸಿಬಿಟ್ಟಿದ್ದೆ.

ಅವನು ಸ್ಟೇರಿಂಗ್ ಮೇಲೆ ಕೈಯಿಟ್ಟು ಯೋಚನೆ ಮಾಡಿ ಹೇಳಿದ: “ಏನೂ ಚಿಂತೆ ಇಲ್ಲ ಕಣ್ಲಾ. ಹಾಡು ಕೇಳೋರ್ಗೆ ಒಂದ್ ಟ್ರಾಕ್ಟ್ರೂ ಜೊತೇಲಿ ಕಳ್ಸಿಬುಡು.”

ಯಾರ ಮನೆ ಮಗಳು

ಹುಣಸೆ ಮರದ ಕೆಳಗೆ ಕೂತು ಮತ್ತೆ ಮಾಡಿದೆ. ಈ ಸಲ ನನಗೆ ಬರುವ ವಿದ್ಯೆಯೆಲ್ಲ ಸುರಿದೆ. ದೊಡ್ಡವ್ವನ ಕೆಮ್ಮು ತೆಗೆದೆ, ಉಸಿರು ತೆಗೆದೆ, ನಡುಗುವ ಕಡೆ ದನಿಯನ್ನು ನೆಟ್ಟಗೆ ಮಾಡಿದೆ. ಎತ್ತಿಕೊಳ್ಳುವ ಹೆಂಗಸರ ಬದಲು ಅವಳದೇ ದನಿಯನ್ನು ಆರು ಸಲ ನಕಲು ಮಾಡಿ ಜೋಡಿಸಿದೆ. ಕರೆದು ಕೇಳಿಸಿದೆ.

“ಚೆನ್ನಾಗಿ ಹೇಳ್ತಾಳೆ. ಯಾರ ಮನೆ ಮಗ್ಳು?” ಅಂದಳು.

“ನೀನೇ ಅಲ್ವಾ ದೊಡ್ಡವ್ವ!”

ಮತ್ತೆ ಕಿವಿಗೊಟ್ಟು ಕೇಳಿದಳು. “ನಾನಲ್ಲ ಬುಡು ಮಗ. ನಾನು ನಡುನಡುವೆ ಉಸ್ರಾಡ್ತೀನಿ.”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವತ್ತೇ ಆ ಮಾತು ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ.

ರವಿಕೆ ಕಣ

ಚನ್ನಪಟ್ಟಣದ ಛತ್ರದಲ್ಲಿ ನನ್ನ ಅಣ್ಣನ ಮಗಳ ಮದುವೆ. ಅರಿಶಿನ ಹಚ್ಚುವ ಹೊತ್ತಿಗೆ ನಾನು ಹೆಮ್ಮೆಯಿಂದ ಪೆನ್‌ಡ್ರೈವ್ ಚುಚ್ಚಿದೆ. ಜೊತೆಗಾತಿಯರ ನಡುವೆ ಕೂತಿದ್ದ ದೊಡ್ಡವ್ವ ಆಗಷ್ಟೇ ಬಾಯಿ ತೆರೆದಿದ್ದಳು. ಸ್ಪೀಕರಿನಲ್ಲಿ ಆರು ಜನ ದೊಡ್ಡವ್ವಂದಿರು ಒಟ್ಟಿಗೆ ಎದ್ದರು. ಅವಳು ಎರಡು ಸಾಲು ಅವರ ಹಿಂದೆ ಓಡಿ ನೋಡಿದಳು, ಆಗಲಿಲ್ಲ, ಸೆರಗು ಸರಿಮಾಡಿಕೊಂಡು ಸುಮ್ಮನಾದಳು. ಜನ ನನ್ನ ಬೆನ್ನು ತಟ್ಟುತ್ತಿದ್ದರು. ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದ ಆ ಹಾಡು ಊರೂರು ತಿರುಗಿತು. ಕಬ್ಬಾಳಿನಿಂದ ಕೇಳಿದರು, ಕನಕಪುರದಿಂದ ಕೇಳಿದರು. ಮೊದಲೆಲ್ಲ ದೊಡ್ಡವ್ವನನ್ನು ಕರೆದೊಯ್ಯಲು ಬಾಗಿಲಿಗೇ ಆಟೋ ಬರುತ್ತಿತ್ತು. ಈಗ ಬರುವುದು ಫೋನು, ಅದೂ ನನಗೆ. “ಪಾಪ, ವಯಸ್ಸಾದೋರ್ಗೆ ಯಾಕೆ ಆಯಾಸ? ನೀನು ಹಾಡು ಕಳ್ಸಿಬುಡಪ್ಪ, ಸಾಕು.” ಅವಳ ಹಾಡು ನಿಂತುಹೋಗಬಾರದೆಂದು ಹೊರಟವನು ಅವಳನ್ನೇ ನಿಲ್ಲಿಸಿಬಿಟ್ಟೆ. ಒಂದು ಇಡೀ ಮದುವೆ ಕಾಲ ದೊಡ್ಡವ್ವ ಮನೆ ಬಿಟ್ಟು ಕದಲಲಿಲ್ಲ.

ಹೋದ ತಿಂಗಳು ವಿರೂಪಾಕ್ಷಿಪುರದ ಒಂದು ಮದುವೆಗೆ ಪೆನ್‌ಡ್ರೈವ್ ತೆಗೆದುಕೊಂಡು ನಾನೇ ಹೋಗಿದ್ದೆ. ಹೆಣ್ಣಿನ ತಾಯಿ ಶಾಸ್ತ್ರ ಬಿಡುವವಳಲ್ಲ. ಸೋಬಾನೆ ಹೇಳಿದವರನ್ನು ಬರಿಗೈಲಿ ಕಳಿಸಬಾರದಲ್ಲ. ಸ್ಪೀಕರಿಗೆ ಅರಿಶಿನ ಕುಂಕುಮ ಇಟ್ಟು, ಅದರ ಮುಂದೆ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಇಟ್ಟ ತಟ್ಟೆ ಇರಿಸಿ ಕೈಮುಗಿದಳು. ಆಮೇಲೆ ಎಲ್ಲವನ್ನೂ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟಳು.

ಮನೆಗೆ ಬಂದು ಚೀಲವನ್ನು ದೊಡ್ಡವ್ವನ ಮುಂದಿಟ್ಟೆ. ನಡೆದದ್ದೆಲ್ಲ ಹೇಳಿ, “ತಪ್ಪಾಯ್ತು ದೊಡ್ಡವ್ವ. ಇದು ನಿಂಗೆ ಸೇರ್ಬೇಕಾದ್ದು” ಅಂದೆ. ಅವಳು ರವಿಕೆ ಕಣ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಮಡಿಚಿ ನನ್ನ ಕೈಗೇ ಇಟ್ಟಳು.

“ನಂಗ್ಯಾಕ್ಲಾ? ಹಾಡ್ದೋಳು ಆ ಡಬ್ಬ. ಅದುಕ್ಕೇ ಹೊಲ್ಸಿ ತೊಡ್ಸು. ಅಳತೆ ಮಾತ್ರ ಒಸಿ ಸಡ್ಲ ಕೊಡು, ದಪ್ಪ ಮೈ ಅವಳ್ದು.”