ಬಾಯಿಯೊಳಗಣ ಊರುಗಳ ಹೆಸರು ರದ್ದುಪಡಿಸುವ ಬಗ್ಗೆ

ಕೊಡಗು ರಾಜ್ಯ
ಮಡಿಕೇರಿ, ನವೆಂಬರ್ 1954
ಸಂಖ್ಯೆ: ಬಾಯಿ/ಹೆಸರು/ರದ್ದು/32 (ಉದುರಿದವೂ ಸೇರಿ)

ವಿಷಯ: ದಂತವೈದ್ಯ ವಿದ್ಯಾರ್ಥಿಗಳು ಬಾಯಿಯ ಭಾಗಗಳನ್ನು ಕೊಡಗಿನ ಊರುಗಳ ಹೆಸರಿನಿಂದ ಕರೆಯುತ್ತಿರುವ ಕುರಿತು.

ಉಲ್ಲೇಖ: ಶ್ರೀಮತಿ ಲಿಂಗಮ್ಮನವರ ಮೌಖಿಕ ದೂರು; ಅದು ದೂರೇ ಅಲ್ಲವೆಂದು ಅವರದೇ ಇನ್ನೊಂದು ಮೌಖಿಕ ಹೇಳಿಕೆ.

1. ಕುಶಾಲನಗರದ ಕಡೆಯ ವಿದ್ಯಾರ್ಥಿ ಸಿದ್ದರಾಜು ಎಂಬವರಿಗೆ ಬಾಯಿಯ ಭಾಗಗಳ ಲ್ಯಾಟಿನ್ ಹೆಸರುಗಳು ಏನು ಮಾಡಿದರೂ ತಲೆಗೆ ಹತ್ತುತ್ತಿರಲಿಲ್ಲ. ಪರೀಕ್ಷೆಯಲ್ಲಿ ಈಗಾಗಲೇ ಒಮ್ಮೆ ಡುಮ್ಕಿ ಹೊಡೆದಿದ್ದ ಸದರಿಯವರು, ಇನ್ನೊಮ್ಮೆ ಹೊಡೆದರೆ ಅಪ್ಪನ ಹೊಗೆಸೊಪ್ಪಿನ ಹೊಲವೇ ಗತಿಯೆಂದು ಹೆದರಿ, ಇಡೀ ಕೊಡಗನ್ನು ಬಾಯೊಳಗೆ ಹರಡಿಕೊಂಡರೆಂದು ತಿಳಿದುಬಂದಿದೆ. ಅದರಂತೆ ನಾಲಿಗೆಯು ದುಬಾರೆಯ ಆನೆ. ಅಂಗುಳಿನ ಏರುತಗ್ಗು ಘಟ್ಟದ ತಿರುವು. ಕನ್ನಡಿ ಹಿಡಿದರೂ ಕಾಣದ ಕಟ್ಟಕಡೆಯ ದವಡೆಹಲ್ಲು ಗಡಿಯಂಚಿನ ಕಾಡೂರು ಕರಿಕೆ. ನಾಲಿಗೆಯಡಿ ಜೊಲ್ಲು ಚಿಮ್ಮುವ ಸಣ್ಣ ರಂಧ್ರ ತಲಕಾವೇರಿ. ಎಲ್ಲವೂ ನೆನಪಿನಲ್ಲಿ ನಿಂತಿತು. ಇಲ್ಲಿಯವರೆಗೆ ಇಲಾಖೆಯ ಆಕ್ಷೇಪವಿಲ್ಲ.

2. ತುಲಾ ಸಂಕ್ರಮಣದ ಹಿಂದಿನ ದಿನ, ಉಣ್ಣಲು ಕೂತರೆ ದವಡೆಯಡಿ ಊದುತ್ತದೆಂದು ಲಿಂಗಮ್ಮ ಎಂಬ ರೈತ ಮಹಿಳೆ ಮಡಿಕೇರಿಯ ದಂತ ಆಸ್ಪತ್ರೆಗೆ ಬಂದರು. ಇಣುಕಿ ನೋಡಿದ ಸಿದ್ದರಾಜು, ಕಾಯಿಲೆ ಸಿಕ್ಕಿದ ಖುಷಿಯಲ್ಲಿ ಮೈಮರೆತು, “ಲೋ ಜಯಪ್ಪ, ಆನೆ ಎತ್ತಿ ಹಿಡ್ಕೊಳೊ! ತಲಕಾವೇರೀಲಿ ಕಲ್ಲು ಸಿಕ್ಕಾಕ್ಕೊಂಡದೆ!” ಎಂದು ಸಹಪಾಠಿಯನ್ನು ಕೂಗಿದರು.

“ಅಯ್ಯೋ ನನ್ನವ್ವ! ನಾಳೆ ತೀರ್ಥ ಬರೋ ಹೊತ್ಗೆ ಕಲ್ಲಾ?” ಎಂದು ಲಿಂಗಮ್ಮನವರು ಎದ್ದವರೇ ಬಸ್‌ ಸ್ಟ್ಯಾಂಡಿಗೆ ಓಡಿದರು. ಪರೀಕ್ಷಿಸುವಾಗ ಇಟ್ಟ ಹತ್ತಿ ಬಾಯಲ್ಲೇ ಇದ್ದುದರಿಂದ ಅವರ ಮಾತಿನಲ್ಲಿ ‘ಕಾವೇರಿ’, ‘ಕಲ್ಲು’ ಎಂಬೆರಡು ಪದಗಳು ಮಾತ್ರ ಜನರಿಗೆ ತಿಳಿದವು. ಅಷ್ಟೇ ಸಾಕಾಯಿತು. ಸೋಮವಾರಪೇಟೆಗೆ ಹೊರಟಿದ್ದ ಬಸ್ಸು ಹಾರೆ, ಗುದ್ದಲಿ, ಜನ ಸಮೇತ ಭಾಗಮಂಡಲದತ್ತ ತಿರುಗಿತು. ‘ನನ್ನ ಕಥೆ ಮುಗೀತು’ ಎಂದುಕೊಂಡ ಸಿದ್ದರಾಜು ಬಿಳಿ ಅಂಗಿಯಲ್ಲೇ ಓಡಿಬಂದು ಬಾಗಿಲಿಗೆ ಜೋತುಬಿದ್ದರು.

3. “ಕಲ್ಲು ಇರೋದು ಇವ್ರ ಬಾಯೊಳ್ಗೆ!” ಎಂದು ಅವರು ಎಷ್ಟು ಕೂಗಿಕೊಂಡರೂ ಯಾರೂ ನಂಬಲಿಲ್ಲ. ದಾರಿಯ ತಿರುವಿಗೆ ಲಿಂಗಮ್ಮನವರ ಹೊಟ್ಟೆ ತೊಳಸಲು, ಪಕ್ಕದಲ್ಲಿದ್ದ ತೋಟದ ಕೆಲಸದ ಚೋಮಿ ಎಂಬವರು ಹತ್ತಿ ತೆಗೆಸಿ ಹುಳಿ ಕಿತ್ತಳೆಯ ತೊಳೆಯೊಂದನ್ನು ಬಾಯಿಗಿಟ್ಟರು. ಹುಳಿಗೆ ಜೊಲ್ಲು ನುಗ್ಗಿತು. ಕಲ್ಲು ದಾರಿ ಬಿಡಲಿಲ್ಲ. ದವಡೆ ಬನ್ನಿನಂತೆ ಊದಿತು. “ಸತ್ತೆ ಕಣಪ್ಪೋ!” ಎಂದು ಅವರು ಕಿರುಚಿದಾಗ ಸಿದ್ದರಾಜು ಅವರಿಗೆ ಪರೀಕ್ಷೆ, ಹೊಲ, ಭಯ ಯಾವುದೂ ನೆನಪಾಗಲಿಲ್ಲ. ಬಸ್ಸು ನಿಲ್ಲಿಸಿ, ನಾಲಿಗೆಯಡಿ ಬೆರಳಿಟ್ಟು, ಹಿಂದಿನಿಂದ ಮುಂದಕ್ಕೆ ಮೆಲ್ಲನೆ ಒತ್ತಿದರು. ಅಕ್ಕಿನುಚ್ಚಿನಷ್ಟು ಕಲ್ಲೊಂದು ಹೊರಬಿತ್ತು.

“ಹೋಯ್ತು! ನೋವೆಲ್ಲ ಹೋಯ್ತು!” ಎಂದರು ಲಿಂಗಮ್ಮ. ಬಸ್ಸಿನವರೆಲ್ಲ ಕೇಕೆ ಹಾಕಿದರು. ಇಷ್ಟು ದೂರ ಬಂದು ಮೀಯದೆ ಹೋಗುವುದುಂಟೇ ಎಂದು ಎಲ್ಲರೂ ಮುಂದೆ ಪ್ರಯಾಣಿಸಿ, ಮಿಂದು, ಮರುದಿನ ಮರಳಿದರು.

4. ಅಷ್ಟರಲ್ಲಿ ಇಲ್ಲಿ ಸಿದ್ದರಾಜು ಅವರ ಹೆಸರನ್ನು ವಿದ್ಯಾರ್ಥಿಗಳ ಪಟ್ಟಿಯಿಂದ ತೆಗೆದುಹಾಕುವ ಆದೇಶ ಸಿದ್ಧವಾಗಿತ್ತು. ಸುದ್ದಿ ಕೇಳಿದ ಲಿಂಗಮ್ಮ, ಚೋಮಿ ಮತ್ತು ಬಸ್ಸಿನ ಅಷ್ಟೂ ಜನ ಕಚೇರಿಯ ಜಗಲಿಯಲ್ಲಿ ಸಾಲಾಗಿ ಕೂತು ಬಾಯಿ ತೆರೆದರು. ಘೋಷಣೆ ಕೂಗದ ಕಾರಣ ಯಾವ ಕಲಮಿನಡಿಯೂ ಕ್ರಮ ಸಾಧ್ಯವಾಗಲಿಲ್ಲ. ಬಾಯಿ ಮುಚ್ಚುವಂತೆ ಕೋರಲಾಗಿ, ಚೋಮಿಯವರು ಕ್ಷಣಮಾತ್ರ ಮುಚ್ಚಿ, “ಆ ಮಾರಾಯನ್ನ ಒಳಗೆ ಸೇರ್ಸಿ, ಮತ್ತೆ ಮುಚ್ಚುವ” ಎಂದು ಪುನಃ ತೆರೆದರು. ನೊಣಗಳ ಹಾವಳಿಯನ್ನು ಪರಿಗಣಿಸಿ ಆದೇಶವನ್ನು ಹಿಂಪಡೆಯಲಾಗಿದೆ.

5. ಆದ್ದರಿಂದ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ನಾಲಿಗೆಯನ್ನು ನಾಲಿಗೆಯೆಂದೇ ಕರೆಯತಕ್ಕದ್ದು. ಅದಕ್ಕೆ ಮಾವುತನನ್ನು ನೇಮಿಸುವಂತೆ ಬಂದಿರುವ ಅರ್ಜಿಗಳನ್ನು ತಿರಸ್ಕರಿಸಲಾಗಿದೆ.

6. ಕರಿಕೆಗೆ ವರ್ಗವಾದ ನೌಕರರು “ಬಾಯಲ್ಲೇ ಇದೆ, ಬೇರೆ ಹೋಗುವುದೇಕೆ” ಎಂದು ಕಾರಣ ನೀಡತಕ್ಕದ್ದಲ್ಲ.

7. ಅಂಗುಳನ್ನು ಘಟ್ಟವೆಂದು ಕೇಳಿದ ಮಾತ್ರಕ್ಕೆ ವಾಂತಿ ಮಾಡಿಕೊಳ್ಳುವ ರೋಗಿಗಳು ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.

8. ಹೊಸ ಹೆಸರು ಸೂಚಿಸಲು ಸಮಿತಿಯೊಂದನ್ನು ರಚಿಸಲಾಗಿದೆ. ಸಮಿತಿ ಬಾಯಿ ಬಿಡುವವರೆಗೆ ವಿದ್ಯಾರ್ಥಿಗಳು ಬೆರಳಿಟ್ಟು ತೋರಿಸುವುದು. ಆ ಬೆರಳನ್ನು ಕಚ್ಚಬಯಸುವವರು ಕಚೇರಿ ವೇಳೆಯಲ್ಲಿ ಮಾತ್ರ ಕಚ್ಚತಕ್ಕದ್ದು.

(ರುಜು ಓದಲಾಗುತ್ತಿಲ್ಲ)
ಅಧಿಕಾರಿ, ಮೇಲ್ದವಡೆ ವಿಭಾಗ
(ಕೆಳದವಡೆಯ ಹೆಚ್ಚುವರಿ ಪ್ರಭಾರ)

ಪ್ರತಿಗಳು:
ಬಸ್‌ ಚಾಲಕರಿಗೆ: ಸೋಮವಾರಪೇಟೆಯವರು ಇನ್ನೂ ಕಾಯುತ್ತಿದ್ದಾರೆ.
ಶ್ರೀಮತಿ ಲಿಂಗಮ್ಮನವರಿಗೆ: ಓದಿ ಹೇಳುವುದು, ಕೇಳುವಾಗ ಬಾಯಿ ತೆರೆಯುವ ಅಗತ್ಯವಿಲ್ಲ.
ಶ್ರೀ ಸಿದ್ದರಾಜು ಅವರಿಗೆ: ಪರೀಕ್ಷೆಯಲ್ಲಿ ತೇರ್ಗಡೆಯಾದ ಪತ್ರದೊಂದಿಗೆ, ನಗದೆ ಸ್ವೀಕರಿಸುವ ಷರತ್ತಿಗೊಳಪಟ್ಟು.